ಮಾನ್ವಿಯ ಬಾವಿಯಲ್ಲಿ ಕಡಲ ನೀರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ರಾಯಚೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಕಂಡದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ಮೊದಲಿನ ಧೈರ್ಯವಿಲ್ಲ.

ಯುದ್ಧ ನಡೆದಿದ್ದ ಕಾಲ. ಅಕ್ಕನ ಗಂಡ, ನಮ್ಮ ಭಾವ, ಮಲಬಾರಿನ ಕರಾವಳಿಯಲ್ಲಿ ದೋಣಿಯ ಮೇಲೆ ಹೋಗಿ ಸಮುದ್ರದ ನೀರು ತಂದು ಪರೀಕ್ಷಿಸುವ ಕೆಲಸದಲ್ಲಿದ್ದರು. ಊರಿಗೆ ಬಂದಾಗೆಲ್ಲ ಅದೇ ಮಾತು. "ನೀಲಿ ಸಮುದ್ರ ನೋಡಲಿಕ್ಕೆ ಚೆಂದ, ಆದ್ರ ಅದು ಹಸಿದ ಸಮುದ್ರ. ಮ್ಯಾಲಿನ ನೀರಾಗ ಸಾರಜನಕದ ಸತ್ವ ತೀರಿರ್ತದ. ಮಳೆಗಾಲದಾಗ ತಳದ ನೀರು ಮ್ಯಾಲೆ ಬಂತಂದ್ರ ಹೊಲಕ್ಕ ಗೊಬ್ಬರ ಹಾಕಿದಂಗ. ನೀರೆಲ್ಲಾ ಹಸಿರಾಗ್ತದ, ಅದರ ಹಿಂದ ಮೀನು ಬರ್ತಾವ." ಅಕ್ಕ ಕೇಳಿ ನಗುತ್ತಿದ್ದಳು.

ಆ ಶ್ರಾವಣದಲ್ಲಿ ಅಕ್ಕ ಬಸುರಿ. ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ನಾನೂ ರಜೆಗೆ ಊರಿಗೆ ಬಂದಿದ್ದ ಒಂದು ಗುರುವಾರ, ದೀಪ ಹಚ್ಚುವ ಹೊತ್ತಿಗೆ ಆಕೆ ನೀರು ಕೇಳಿದಳು. ನಾನು ಹಿತ್ತಲ ಬಾವಿಯಿಂದ ಒಂದು ಕೊಡ ಸೇದಿ ತಂಬಿಗೆ ತುಂಬಿ ಕೊಟ್ಟೆ. ಒಂದು ಗುಟುಕು ಕುಡಿದವಳೇ ಉಗುಳಿಬಿಟ್ಟಳು.

"ಥೂ! ಏನೋ ಇದು, ಬರೀ ಉಪ್ಪು!"

ನಾನೂ ಬಾಯಿಗೆ ಹಾಕಿಕೊಂಡೆ. ಗಂಟಲು ಉರಿಯಿತು. ಕಂದೀಲು ಹಿಡಿದು ಬಗ್ಗಿ ನೋಡಿದರೆ ಬಾವಿಯ ನೀರೆಲ್ಲ ದಟ್ಟ ಹಸಿರು. ಗಾಳಿಯಿಲ್ಲದಿದ್ದರೂ ಅದು ಕಲ್ಲಿಗೆ ಬಡಿದು ಬಡಿದು ಹಿಂದೆ ಸರಿಯುತ್ತಿತ್ತು. ಮೀನಿನ ವಾಸನೆ.

ಅಕ್ಕ ಕಟ್ಟೆಯ ಮೇಲೆ ಕೂತಳು. "ತಮ್ಮಾ, ಅವರಿಗೇನೋ ಆಗ್ಯದ."

"ಹುಚ್ಚಿ ಹಂಗ ಮಾಡಬ್ಯಾಡ. ಬಾವಿಗೂ ಭಾವಗೂ ಏನು ಸಂಬಂಧ?" ಎಂದು ಗದರಿದೆ.

ಬೆಳಗಾದರೆ ನೀರು ತಿಳಿ, ಎಂದಿನಂತೆ ಸಿಹಿ. ನಾನು ರಾತ್ರಿಯೇ ಸೀಸೆಯಲ್ಲಿ ಹಿಡಿದಿಟ್ಟ ನೀರು ಮಾತ್ರ ಹಸಿರಾಗಿಯೇ ಇತ್ತು. ರಾಯಚೂರಿಗೆ ಒಯ್ದು ಕೆಡದಿರಲೆಂದು ಸ್ವಲ್ಪ ಸ್ಪಿರಿಟ್ ಬೆರೆಸಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗಾಜಿನಿಂದ ಮಾಡಿದಂಥ ಪುಟ್ಟ ಜೀವಿಗಳು, ಒಂದಕ್ಕೊಂದು ಸರಪಳಿಯಂತೆ ಅಂಟಿಕೊಂಡು, ಮೈತುಂಬ ಉದ್ದನೆಯ ಮುಳ್ಳು. ನಮ್ಮ ಬಾವಿಗಳಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ.

ಕೆಲವು ವಾರಗಳ ನಂತರ ಭಾವ ರೈಲಿಳಿದು ನೇರ ಶಾಲೆಗೇ ಬಂದರು. ತುಂಬ ಇಳಿದುಹೋಗಿದ್ದರು. ಎಲ್ಲಿಯದೆಂದು ಹೇಳದೆ ಆ ಸೀಸೆಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ಅವರಿಗೆ ತೋರಿಸಿದೆ. ಕಣ್ಣಿಟ್ಟು ನೋಡಿ ತಲೆಯೆತ್ತಿದರು.

"ಇವು ಕಡಲಿನವು. ಮಳೆಗಾಲದ ಹಸಿರು. ನಿನಗೆಲ್ಲಿ ಸಿಕ್ಕವು?"

ಆ ಗುರುವಾರದ ಬಾವಿಯ ಸಂಗತಿಯನ್ನೆಲ್ಲ ಹೇಳಿದೆ.

"ಅದೇ ಗುರುವಾರ ಸಂಜಿಗೆ ನಮ್ಮ ದೋಣಿ ಮಗುಚಿತ್ತು. ನಾನು ಮುಳುಗಿದ್ದೆ. ಬಾಯಿ ತುಂಬ ನೀರು ಹೋತು. ಆದ್ರ ಉಪ್ಪಿರಲಿಲ್ಲೋ, ಸಿಹಿ ನೀರು! ಎಚ್ಚರಾದಾಗ ದಂಡಿ ಮ್ಯಾಲೆ ಬಿದ್ದಿದ್ದೆ. ಯಾರಿಗೆ ಹೇಳಲಿ, ಯಾರು ನಂಬ್ತಾರ?"

ಅಂದೇ ಇಬ್ಬರೂ ಮಾನ್ವಿಗೆ ಹೋದೆವು. ಅಕ್ಕ ಅಳುತ್ತಲೇ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಭಾವ ಒಂದು ಗುಟುಕು ಕುಡಿದರು. ನನ್ನ ಕಡೆ ತಿರುಗಿ, ಅಕ್ಕನಿಗೆ ಕೇಳದಂತೆ, "ಅವತ್ತು ಕಡಲಾಗ ಕುಡದದ್ದು ಇದೇ ನೀರು" ಎಂದರು.

ಅವರು ಮತ್ತೆ ಕಡಲಿಗೆ ಇಳಿಯಲಿಲ್ಲ. ನಾನೂ ಕಾರಣ ಹುಡುಕಿ ಸೋತೆ. ಅವರ ಗಂಟಲಿಗೆ ಇಳಿಯಬೇಕಾಗಿದ್ದ ನೀರು ಆ ಸಂಜೆ ನನ್ನ ಅಕ್ಕನ ಬಾಯಿಗೆ ಬಂತೇ? ವಿಜ್ಞಾನದ ಮಾಸ್ತರ ಕೇಳುವ ಪ್ರಶ್ನೆಯಲ್ಲ ಇದು, ಗೊತ್ತು. ಕೇಳದೆ ಇರಲು ಮಾತ್ರ ಇಷ್ಟು ವರ್ಷಗಳಾದರೂ ನನ್ನಿಂದ ಆಗಿಲ್ಲ.