ಕಲ್ಲಿನಲ್ಲಿ ಊರಿದ ಬೆರಳು

ಅಮೃತಶಿಲೆಯನ್ನು ಬೆಣ್ಣೆಯಂತೆ ಕಡೆದ ಇಟಲಿಯ ಶಿಲ್ಪಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನಾನು, ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲು ಹೋಗಿ ಅಂಗೈಯಗಲ ಗಾರೆ ಉದುರಿಸಿದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ರಾಮನಗರದ ಮಕ್ಕಳಿಗೆ ಚಿತ್ರಕಲೆ ಕಲಿಸಿದವನ ಕೈಗುಣ ಅದು. ನಿವೃತ್ತನಾದ ಮೇಲೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆಯನ್ನು ನಡುಮನೆಯಲ್ಲಿ ತೂಗುಹಾಕಬೇಕಿತ್ತು: ನಾನೂರು ವರ್ಷ ಹಿಂದಿನ, ಬರೋಕ್ ಯುಗದ ಇಟಲಿ ಶಿಲ್ಪವೊಂದರ ದೊಡ್ಡ ಛಾಯಾಚಿತ್ರ, ಗಾಜಿನ ಕಟ್ಟು ಸಮೇತ. ಪಾತಾಳದ ದೊರೆಯೊಬ್ಬ ಹೆಣ್ಣೊಬ್ಬಳನ್ನು ಹೊತ್ತೊಯ್ಯುತ್ತಿದ್ದಾನೆ. ಅವನ ಬೆರಳುಗಳು ಅವಳ ತೊಡೆಯಲ್ಲಿ ಊರಿ, ಕಲ್ಲು ಮಾಂಸದಂತೆಯೇ ಕುಳಿಬಿದ್ದಿದೆ.

ಸುತ್ತಲೂ ಬಂಡೆಗಳೇ ಇರುವ ಊರಿನಲ್ಲಿ ಕಲ್ಲನ್ನು ಮೆಚ್ಚುವವರು ಸಿಗುವುದು ಸುಲಭವಲ್ಲ. ಹೆಂಡತಿ ಸರೋಜ ಒಮ್ಮೆ ನೋಡಿ, "ಬಂದೋರು ಕೂತ್ಕೊಳ್ಳೋ ಜಾಗದಲ್ಲೇ ಹಾಕ್ಬೇಕಿತ್ತಾ ಇದನ್ನ?" ಎಂದು ಅಡುಗೆಮನೆಗೆ ಹೋದಳು. ರಸಿಕರು ಬರುವವರೆಗೆ ಕಾಯುವ ತಾಳ್ಮೆ ನನಗೂ ಇರಲಿಲ್ಲ. ಹೀಗಾಗಿ ಕೈಲಾಂಚದಿಂದ ಬಸ್ಸಿನಲ್ಲಿ ಬಂದಿಳಿದ ಅಕ್ಕ ಪುಟ್ಟತಾಯಮ್ಮನ ಪಾಲಿಗೆ ನನ್ನ ಮೊದಲ ಉಪನ್ಯಾಸ ಬಿತ್ತು. ಕುರಿ ಸಾಕಿಯೇ ಸಂಸಾರ ದಡ ಸೇರಿಸಿದ ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಕಾಫಿ ಲೋಟ ಅವಳ ಕೈ ಸೇರುವ ಮುನ್ನವೇ ಉಳಿಯ ಸೂಕ್ಷ್ಮತೆ, ಬೆಳಕು ನೆರಳಿನ ಲೀಲೆ, ಚರ್ಮದ ಭ್ರಮೆ ಎಲ್ಲವನ್ನೂ ಬಡಿಸಿ ಮುಗಿಸಿದೆ. "ಆ ಬೆರಳು ನೋಡಕ್ಕ, ಕಲ್ಲು ಅನ್ಸುತ್ತಾ?"

ಅಕ್ಕ ಬೆರಳು ನೋಡಲಿಲ್ಲ. ಎದ್ದು ಹತ್ತಿರ ಹೋಗಿ, ತಲೆಯೆತ್ತಿ ಆ ಹೆಣ್ಣಿನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಪಾತಾಳಾಧಿಪತಿಯ ಕಡೆ ತಿರುಗಿ, ಪಕ್ಕದ ಮನೆಯ ಪುಂಡನನ್ನು ಗದರಿಸುವಂತೆ, "ಲೇ, ಬುಡ್ಲಾ ಅವ್ಳನ್ನ!" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ನಗ್ತೀಯಲ್ಲೋ! ಹೆಣ್ಣು ಅಳ್ತಾ ಐತೆ ಕಣೋ. ಕೆನ್ನೆ ಮ್ಯಾಲೆ ನೀರೈತೆ, ಕಾಣಲ್ವಾ?"

ಕನ್ನಡಕ ಏರಿಸಿ ನೋಡಿದೆ. ಹೌದು, ಕೆನ್ನೆಯ ಮೇಲೆ ಕಲ್ಲಿನದೇ ಒಂದು ಹನಿ. ಎಷ್ಟು ಪುಸ್ತಕಗಳಲ್ಲಿ ಈ ಶಿಲ್ಪವನ್ನು ನೋಡಿದ್ದೆನೋ, ಎಷ್ಟು ತರಗತಿಗಳಲ್ಲಿ ಹಾಡಿ ಹೊಗಳಿದ್ದೆನೋ. ಪ್ರತಿಸಲವೂ ನನ್ನ ರಸಿಕತೆ ತೊಡೆಯವರೆಗೆ ಹೋಗಿ ಅಲ್ಲಿಯೇ ಠಿಕಾಣಿ ಹೂಡಿತ್ತು. ಇದನ್ನು ಅಡುಗೆಮನೆಗೆ ಕೇಳುವಂತೆ ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಕಲ್ಲು ನಿಜದಂತಿದೆ ಎಂದು ನಾನು ಬೀಗುತ್ತಿದ್ದೆ. ಅಕ್ಕ ನಿಜವೆಂದೇ ನಂಬಿ ಬೈದಿದ್ದಳು. ಇಬ್ಬರಲ್ಲಿ ಆ ಶಿಲ್ಪಿ ಯಾರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದನೆಂದು, ಓದುಗರೇ, ನೀವು ನನ್ನನ್ನು ಕೇಳಬೇಡಿ.

"ತೆಗೆದುಬಿಡ್ಲಾ ಅಕ್ಕ?" ಎಂದೆ, ಕುಗ್ಗಿದ ದನಿಯಲ್ಲಿ.

"ಯಾಕೆ ತೆಗೀತೀಯ? ಕೆತ್ತಿದೋನು ದೊಡ್ಡೋನು ಕಣಪ್ಪ. ಅವ್ಳ ಸಂಕಟ ಅವ್ನಿಗೆ ತಿಳ್ದೈತೆ. ನಿಂಗೇ ಒಸಿ ತಡ ಆಯ್ತು."

ಹೊರಡುವ ಮುನ್ನ ಅಕ್ಕ ಸೆರಗಿನ ತುದಿಯಿಂದ ಗಾಜಿನ ಮೇಲೆ, ಆ ಕೆನ್ನೆ ಇದ್ದ ಜಾಗವನ್ನು ಮೆಲ್ಲಗೆ ಒರೆಸಿದಳು. ಧೂಳು ಹೋಯಿತು. ಹನಿ ಮೊದಲಿಗಿಂತ ನಿಚ್ಚಳವಾಗಿ ಕಂಡಿತು.