ಪಲವಾನಿನಿಂದ ಬಂದ ಎರಡು ಹಣ್ಣು

ಗಿಮರಾಸ್ ದ್ವೀಪದ ಆ ಊರಿನಲ್ಲಿ ಮಾವಿನಕಾಯಿಗೆ ಕಾಗದ ಸುತ್ತುವುದರಲ್ಲಿ ಕ್ರಿಸಾಂತಾಳ ಕೈಯನ್ನು ಮೀರಿಸಿದವರಿರಲಿಲ್ಲ. ಹೂ ಬಂದು ಎರಡು ತಿಂಗಳಿಗೆ ಕಾಯಿ ಕೋಳಿಮೊಟ್ಟೆಯಷ್ಟಾದಾಗ ಆಕೆ ಬಿದಿರೇಣಿ ಹತ್ತಿ, ಹಳೆಯ ಪತ್ರಿಕೆಯ ಹಾಳೆಯನ್ನು ಒಂದೊಂದು ಕಾಯಿಗೂ ಸುತ್ತಿ, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಬಿಗಿಯುತ್ತಿದ್ದಳು. ಹಾಗೆ ಮಾಡಿದರೆ ನೊಣ ಬಂದು ಮೊಟ್ಟೆಯಿಡುವಂತಿಲ್ಲ. ಮೂವತ್ತು ವರ್ಷ ಊರವರ ಮರಗಳಿಗೆಲ್ಲ ದುಡಿದ ಆಕೆಗೆ ಸ್ವಂತಕ್ಕೆಂದು ಇದ್ದುದು ಅಂಗಳದ ಒಂದೇ ಮರ. ಬೇಲಿಯಾಚೆ ಫೆಲಿಸಿದಾದ್ ಎಂಬ ಹಿರಿಯಳ ಇಪ್ಪತ್ತೆರಡು ಮರಗಳ ತೋಟ.

ಆ ದ್ವೀಪಕ್ಕೆ ಹೊರಗಿನ ಮಾವು ಬರುವಂತಿರಲಿಲ್ಲ. ದೋಣಿಕಟ್ಟೆಯಲ್ಲಿ ಚೀಲ ಬಿಚ್ಚಿಸಿ ನೋಡುತ್ತಿದ್ದರು. ಪಲವಾನ್ ದ್ವೀಪದ ಮಾವಿಗೆ ಮೂತಿಹುಳು ಹತ್ತಿತ್ತು. ಅದು ಹಣ್ಣಿನ ತಿರುಳಿನೊಳಗೇ ಹುಟ್ಟಿ ಬೆಳೆಯುವ ಹುಳು. ಒಳಗಿರುವಷ್ಟು ದಿನ ಹೊರಗಡೆ ಒಂದು ಚುಕ್ಕೆಯೂ ಕಾಣುವುದಿಲ್ಲ.

ಆ ಮಾರ್ಚಿನಲ್ಲಿ ಕ್ರಿಸಾಂತಾಳ ತಮ್ಮ ಹಸಿಂತೊ ಹನ್ನೊಂದು ವರ್ಷಗಳ ಮೇಲೆ ಪಲವಾನಿನಿಂದ ತಾಯಿಯನ್ನು ನೋಡಲು ಬಂದ. ಬಟ್ಟೆಚೀಲವನ್ನು ಅಂಗಳದ ಮಾವಿನ ಕೊಂಬೆಗೆ ತಗುಲಿಸಿ ಕೈಕಾಲು ತೊಳೆದ. ಊಟವಾದ ಮೇಲೆ ಹೋಗಿ ಅದರೊಳಗಿಂದ ಎರಡು ಹಣ್ಣು ತಂದ.

"ಎಲ್ಲಿಂದ ತಂದ್ಯೋ ಇದನ್ನ?" ಎಂದಳು ಕ್ರಿಸಾಂತಾ.

"ನಮ್ಮ ಮರದ್ದೇ ಕಣೇ ಮನಾಂಗ್," ಎಂದ, ಅಕ್ಕನನ್ನು ಎಂದಿನಂತೆ ಕರೆಯುತ್ತ. "ಹೋಗೋವಾಗ ಇಲ್ಲಿಂದ ಒಂದು ಓಟೆ ತಗೊಂಡು ಹೋಗಿದ್ನಲ್ಲ, ಈಗ ಹಣ್ಣು ಬಿಟ್ಟಿದೆ. ನಾನಾಯ್‌ಗೆ ಒಂದು ಚೂರು ತಿನ್ನಿಸ್ಬೇಕು ಅಂತ ಆಸೆ."

"ಕಟ್ಟೆಯಲ್ಲಿ ಹಿಡೀಲಿಲ್ವಾ?"

"ಒಗೀದೇ ಇರೋ ಬನಿಯನ್‌ನಲ್ಲಿ ಸುತ್ತಿದ್ದೆ. ಅದಕ್ಕೆ ಯಾರು ಮೂಗು ಇಡ್ತಾರೆ!"

ಮಕ್ಕಳ ಬಾಯಲ್ಲಿ ನಾನಾಯ್ ಆದ ತೊಂಬತ್ತರ ತಾಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಹಣ್ಣನ್ನು ಮೂಗಿಗೆ ಒತ್ತಿಕೊಂಡಳು. ಕ್ರಿಸಾಂತಾ ಆಗಲೇ ಎರಡನ್ನೂ ಕಿತ್ತು ಒಲೆಗೆ ಹಾಕಬೇಕಿತ್ತು. ತಾಯಿಯ ಮುಖ ನೋಡಿ ಚಾಕು ತಂದಳು.

ಮೊದಲನೆಯದು ಓಟೆಯವರೆಗೂ ಹಳದಿ. ತಾಯಿ ಚೀಪಿ ಮುಗಿಸಿದಳು. ಎರಡನೆಯದನ್ನು ತಿರುಗಿಸಿದಾಗ ತೊಟ್ಟಿನ ಕೆಳಗೆ ಜೋಳದ ಕಾಳು ತೂರುವಷ್ಟು ದುಂಡನೆಯ ತೂತು. ಕೊಯ್ದಳು. ತಿರುಳಿನ ನಡುವೆ ಕಪ್ಪಗೆ ಒಂದು ಗೂಡು, ಅದರ ತುಂಬ ಒಣ ಪುಡಿ. ಗೂಡಿನಲ್ಲಿ ಯಾರೂ ಇರಲಿಲ್ಲ.

ಕ್ರಿಸಾಂತಾ ಅಂಗಳಕ್ಕೆ ಓಡಿದಳು. ಚೀಲವನ್ನು ಕೊಂಬೆಯಿಂದ ಇಳಿಸಿ, ಬಿಳಿ ಬಟ್ಟೆಯ ಮೇಲೆ ಕೊಡವಿ, ಹೊಲಿಗೆ ಹೊಲಿಗೆಯನ್ನೂ ಬಿಚ್ಚಿದಳು. ಏನೂ ಬೀಳಲಿಲ್ಲ. ತಲೆಯೆತ್ತಿ ಮರ ನೋಡಿದಳು. ಬೆಳೆಗಾರರ ತರಬೇತಿಯಲ್ಲಿ ಸೀಸೆಯೊಳಗಿನ ಹುಳುವನ್ನು ಆಕೆ ನೋಡಿದ್ದಳು. ತೊಗಟೆಯದೇ ಬಣ್ಣ; ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದಿರುತ್ತದೆ; ತೊಗಟೆಯ ಬಿರುಕಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಮರ ಮತ್ತೆ ಹೂ ಬಿಟ್ಟಾಗ ಎದ್ದು ಎಳೆಗಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಒಂದೇ ಹುಳುವಾಗಿದ್ದರೆ ಜೋಡಿಯಿಲ್ಲದೆ ಸಂತಾನವಿಲ್ಲ. ಆದರೆ ಆ ಗೂಡು ಎರಡು ಹುಳುಗಳಿಗೂ ಸಾಲುವಷ್ಟಿತ್ತು.

"ಒಂದು ಹುಳಕ್ಕೆ ಇಷ್ಟೊಂದಾ?" ಎಂದ ಹಸಿಂತೊ. "ಓಟೆ, ಸಿಪ್ಪೆ ಎಲ್ಲ ಸುಟ್ಟುಬಿಡು. ಯಾರಿಗೆ ಗೊತ್ತಾಗುತ್ತೆ?"

"ಹುಳಕ್ಕೆ ಗೊತ್ತು ಕಣೋ ತೊತೋ," ಎಂದಳು, ತಮ್ಮನನ್ನು ಚಿಕ್ಕಂದಿನಂತೆ ಕರೆದು.

ಎರಡು ದಿನ ಆಕೆ ಬಾಯಿ ಬಿಡಲಿಲ್ಲ. ಹೇಳಿದರೆ ತಮ್ಮನನ್ನು ಠಾಣೆಗೆ ಕರೆಯುತ್ತಾರೆ. ಫೆಲಿಸಿದಾದಳ ತೋಟದಲ್ಲಿ ಇನ್ನು ಮೂರು ವಾರಕ್ಕೆ ಕೊಯ್ಲು. ಹೇಳಿದರೆ ಬೇಲಿಗೆ ಹತ್ತಿರದ ಮರಗಳ ಹಣ್ಣನ್ನೂ ದ್ವೀಪ ದಾಟಲು ಬಿಡುವುದಿಲ್ಲ. ಹೇಳದಿದ್ದರೆ, ಮುಂದಿನ ಹೂವಿಗೆ ಆ ತೋಟ, ಅದರ ಮುಂದಿನ ಹೂವಿಗೆ ಇಡೀ ದ್ವೀಪ. ಅಕ್ಕಿ ಆರಿಸುವಾಗ ಕಂದು ಕಲ್ಲೊಂದು ಕಂಡರೂ ಉಗುರಿನಿಂದ ಒತ್ತಿ ನೋಡುತ್ತಿದ್ದಳು. ದಿನಕ್ಕೆ ಹತ್ತು ಸಲ ಮರದ ಬುಡಕ್ಕೆ ಹೋಗಿ ಬಿರುಕುಗಳಲ್ಲಿ ಸೂಜಿಯಾಡಿಸಿ ಬರುತ್ತಿದ್ದಳು. ತುದಿಗೆ ಇರುವೆ ಬಂತು, ಜೇಡ ಬಂತು, ಅದು ಬರಲಿಲ್ಲ.

ಮೂರನೆಯ ಬೆಳಿಗ್ಗೆ ಫೆಲಿಸಿದಾದ್ ಅಂಗಳಕ್ಕೆ ಬಂದಳು.

"ಏನೇ, ಎರಡು ದಿನದಿಂದ ಮುಖಾನೇ ಇಲ್ಲ. ತಮ್ಮ ಬಂದ ಅಂತ ರಾಣಿ ಆಗ್ಬಿಟ್ಯಾ? ಕೊಯ್ಲಿಗೆ ನಿನ್ನ ಕೈ ಬೇಕು ಕಣೆ." ಹಾಗೆನ್ನುತ್ತ ಬೆವರೊರೆಸಿಕೊಂಡು ಮರದ ಕಾಂಡಕ್ಕೆ ಒರಗಿದಳು.

"ಮುಟ್ಬೇಡಿ!" ಕ್ರಿಸಾಂತಾ ಚೀರಿದಳು.

"ಯಾಕೆ, ನಿನ್ನ ಮರ ಕನ್ಯಾಸ್ತ್ರೀನಾ?"

ಕ್ರಿಸಾಂತಾಳಿಗೆ ನಗು ಬರಲಿಲ್ಲ. ಆ ಹೆಂಗಸಿನ ತೋಳಿಗೆ ಹುಳು ಹತ್ತಿದರೆ ಇಪ್ಪತ್ತೆರಡು ಮರಗಳಿಗೆ ತಾನೇ ದಾರಿ ತೋರಿಸಿದಂತೆ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು; ಚಾಕು ತಂದವಳು ತಾನೇ ಎಂಬುದನ್ನೂ.

ಫೆಲಿಸಿದಾದ್ ಕಾಂಡದಿಂದ ದೂರ ಸರಿದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಝಾಡಿಸಿದಳು. ತೋಳು, ಬೆನ್ನು, ಲಂಗದ ಮಡಿಕೆ ಎಲ್ಲ ಝಾಡಿಸಿದಳು. ಆಮೇಲೆ ತನ್ನ ತೋಟದ ಕಡೆ ಬಹಳ ಹೊತ್ತು ನೋಡಿದಳು.

"ದಮಿಯಾನ್ ಹತ್ರ ಹೋಗೋಣ ನಡಿ. ನೀನೇ ಹೇಳು. ನಾನು ಬಾಯಿ ತೆಗೆದ್ರೆ ಬರೀ ಬೈಗುಳ ಬರುತ್ತೆ."

ದಮಿಯಾನ್ ಕೃಷಿ ಕಚೇರಿಯವನು. ಮಧ್ಯಾಹ್ನಕ್ಕೆ ನಾಲ್ಕು ಆಳುಗಳೊಂದಿಗೆ ಬಂದು, ಮರದ ಸುತ್ತ ಬಟ್ಟೆ ಹಾಸಿ, ಒಣ ತೊಗಟೆಯನ್ನೆಲ್ಲ ಹೆರೆಸಿದ. ಕ್ರಿಸಾಂತಾ ಸುತ್ತಿದ್ದ ನಾನೂರು ಕಾಯಿಗಳನ್ನು ಕಾಗದದ ಸಮೇತ ಕಿತ್ತು ಗುಂಡಿಯಲ್ಲಿ ಹೂತರು. ತರಗೆಲೆ ಸುಟ್ಟರು. ಹುಳು ಸಿಗಲಿಲ್ಲ.

"ಹಂಗಾದ್ರೆ ಇಲ್ಲ ಅಂತ ಅಲ್ವಾ?" ಎಂದು ಕೇಳಿದಳು.

"ಸಿಗ್ಲಿಲ್ಲ ಅಂತ ಅಷ್ಟೇ, ಮನಾಂಗ್," ಎಂದ ದಮಿಯಾನ್.

ಹಸಿಂತೊ ತಲೆ ತಗ್ಗಿಸಿ ಠಾಣೆಯಲ್ಲಿ ಹೇಳಿಕೆ ಕೊಟ್ಟ. ಫೆಲಿಸಿದಾದಳ ಒಂಬತ್ತು ಮರಗಳ ಹಣ್ಣು ಆ ವರ್ಷ ದ್ವೀಪ ದಾಟಲಿಲ್ಲ. ಕ್ರಿಸಾಂತಾಳನ್ನು ಕೊಯ್ಲಿಗೆ ಕರೆದವರು ಯಾರೂ ಇಲ್ಲ, ಫೆಲಿಸಿದಾದ್ ಒಬ್ಬಳನ್ನು ಬಿಟ್ಟು. ಅವಳೂ ಮೂರು ವಾರ ಮಾತು ಬಿಟ್ಟೇ ಕೆಲಸ ಕೊಟ್ಟಳು.

ಮರುವರ್ಷ ಮರ ಹೂ ಬಿಟ್ಟ ದಿನದಿಂದ ಕ್ರಿಸಾಂತಾಳಿಗೆ ಅನ್ನ ಸೇರಲಿಲ್ಲ. ಹುಳು ಇದ್ದರೆ ಸಿಕ್ಕಿಬೀಳಲೆಂದು ಆ ಮರದ ಕಾಯಿಗಳನ್ನು ಕಾಗದ ಸುತ್ತದೆ ಬರಿದೇ ಬಿಟ್ಟಿದ್ದರು. ಏಪ್ರಿಲಿನಲ್ಲಿ ದಮಿಯಾನ್ ನೂರಿಪ್ಪತ್ತು ಹಣ್ಣು ಇಳಿಸಿ, ಅಂಗಳದಲ್ಲೇ ಮೇಜು ಹಾಕಿ ಕೊಯ್ಯತೊಡಗಿದ. ಫೆಲಿಸಿದಾದ್ ಎಣಿಸುತ್ತಿದ್ದಳು. ಚಾಕು ಇಳಿದಾಗಲೆಲ್ಲ ಕ್ರಿಸಾಂತಾ ಮೇಜಿನಂಚನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಎಪ್ಪತ್ತಮೂರನೆಯದರಲ್ಲಿ ಕಪ್ಪಗೆ ಏನೋ ಕಂಡು ಆಕೆ ಮೇಜಿನ ಮೇಲೆ ಬಾಗಿದಳು. ಬರೀ ಪೆಟ್ಟಿನ ಕಲೆ.

"ನೂರಿಪ್ಪತ್ತು," ಎಂದಳು ಫೆಲಿಸಿದಾದ್.

ಎಲ್ಲವೂ ಶುದ್ಧವಾಗಿದ್ದವು. "ಮುಂದಿನ ವರ್ಷಾನೂ ನೋಡ್ಬೇಕು," ಎನ್ನುತ್ತ ದಮಿಯಾನ್ ಕೈ ಒರೆಸಿಕೊಂಡ.

ಫೆಲಿಸಿದಾದ್ ಒಂದು ಹೋಳನ್ನು ಬಾಯಿಗಿಟ್ಟು, ಇನ್ನೊಂದನ್ನು ಕ್ರಿಸಾಂತಾಳ ಕೈಗೆ ತುರುಕಿದಳು. "ತಿನ್ನೇ ಮಾರಾಯ್ತಿ, ಸಿಹಿಯಾಗಿದೆ."

ಕ್ರಿಸಾಂತಾ ಹೋಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ಮತ್ತೊಮ್ಮೆ ತಿರುಗಿಸಿದಳು. ರಸ ಮೊಣಕೈವರೆಗೆ ಇಳಿದರೂ ನೋಡುತ್ತಲೇ ಇದ್ದಳು.