ಸಿಹಿಯಿಲ್ಲದ ಹಣ್ಣುಗಳ ಪರವಾಗಿ

ಕಳೆದ ವಾರ ಚೆನ್ನೈನ ವೇಲಚೇರಿ ಸ್ಟೇಷನ್ನಿನ ಮೆಟ್ಟಿಲ ಬಳಿ ಒಬ್ಬಾಕೆ ಗೋಣಿತಟ್ಟಿನ ಮೇಲೆ ಕೆಕ್ಕರಿಕೆ ಹಣ್ಣು ಇಟ್ಟುಕೊಂಡು ಕೂತಿದ್ದಳು. ಮಾಗಿದ ಕೆಕ್ಕರಿಕೆ ಯಾರ ಚಾಕುವಿಗೂ ಕಾಯುವುದಿಲ್ಲ, ತಾನೇ ಬಿರಿದುಕೊಳ್ಳುತ್ತದೆ. ಆ ತಿರುಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೇಡಂ ನೆನಪಾದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡ್ಯ ಕಡೆಯಿಂದ ಚೆನ್ನೈಗೆ ಬಂದು, ತಾಂಬರಂ ಆಚೆಯ ಒಂದು ಸಂಶೋಧನಾ ಕೇಂದ್ರದಲ್ಲಿ ವರ್ಷವರ್ಷವೂ ಮುಂದುವರಿಸುವ ಗುತ್ತಿಗೆಯ ಮೇಲೆ ಸಹಾಯಕಿಯಾಗಿ ಸೇರಿದ್ದೆ. ಮೇಡಂ ಅಲ್ಲಿನ ವಿಜ್ಞಾನಿ. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ವೈಷ್ಣವರ ಮನೆಯವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಹಳ್ಳಿಗಳಿಂದ ಕರಬೂಜದ ನಾಟಿ ಬೀಜ ತಂದು ಬೆಳೆಸುವುದು, ಎಲೆ ಅರೆದು ಡಿಎನ್‌ಎ ತೆಗೆದು, ಅದರ ಪಟ್ಟೆಗಳ ಫೋಟೋ ಹಿಡಿದು, ಯಾವ ತಳಿ ಯಾವುದಕ್ಕೆ ನೆಂಟ, ಯಾವುದು ಒಂಟಿ ಎಂದು ನೋಡುವುದು ನಮ್ಮ ಕೆಲಸ. ಸಿಹಿ ಕರಬೂಜ, ಹಿಟ್ಟುಹಿಟ್ಟಾದ ಕೆಕ್ಕರಿಕೆ, ಹುಳಿಗೆ ಹಾಕುವ ಮಂಗಳೂರು ಸೌತೆ, ಎಲ್ಲವೂ ಒಂದೇ ಕುಲದವು ಎಂದು ನನಗೆ ಗೊತ್ತಾದದ್ದೇ ಅಲ್ಲಿ.

ತಳಿ ಬೆರೆಯಬಾರದೆಂದು ಸಂಜೆಯೇ ಹೆಣ್ಣು ಮೊಗ್ಗಿಗೆ ಕಾಗದದ ಚೀಲ ಕಟ್ಟುತ್ತಿದ್ದೆವು. ಬೆಳಗ್ಗೆ ಜೇನುನೊಣ ಬರುವ ಮೊದಲೇ ಮೇಡಂ ಸೆರಗು ಸಿಕ್ಕಿಸಿ ಮಣ್ಣಿನಲ್ಲಿ ಮಂಡಿಯೂರಿ, ಅದೇ ತಳಿಯ ಗಂಡು ಹೂವನ್ನು ಮುಟ್ಟಿಸುತ್ತಿದ್ದರು. ಅವರ ಮಂಡಿ ಆಗಲೇ ನೋಯುತ್ತಿತ್ತು... ಒಮ್ಮೆಯೂ ಆ ಕೆಲಸವನ್ನು ನನಗೆ ಬಿಟ್ಟುಕೊಡಲಿಲ್ಲ.

ಮೂರನೆಯ ವರ್ಷ ಹೊಸ ನಿರ್ದೇಶಕರು ಬಂದರು. ಬೀಜದ ಶೀತಲ ಕೋಣೆ ಬೇರೆ ಯೋಜನೆಗೆ ಬೇಕಾಗಿದೆ, ಸಿಹಿ ತಳಿಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ತೆಗೆದುಹಾಕಿ ಎಂದರು. ಸಭೆಯಲ್ಲಿ ಒಂದು ಹುಳಿ ಹಣ್ಣನ್ನು ಮೇಜಿನ ಮೇಲೆ ಉರುಳಿಸಿ, ಇದನ್ನು ಯಾರು ತಿನ್ನುತ್ತಾರೆ ಎಂದು ಕೇಳಿದರು. ಹಳ್ಳಿಯ ಅಜ್ಜಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕೊಟ್ಟಿದ್ದ ಬೀಜದ ಹಣ್ಣು ಅದು. ಅದರ ಡಿಎನ್‌ಎ ಪಟ್ಟೆಗಳು ನಮ್ಮಲ್ಲಿನ ಬೇರೆ ಯಾವುದಕ್ಕೂ ಹೊಂದುತ್ತಿರಲಿಲ್ಲ.

“ಯಾರೂ ತಿನ್ನಲ್ಲ ಸಾರ್,” ಎಂದರು ಮೇಡಂ. “ಅದಕ್ಕೇ ಅದರೊಳಗೆ ಏನಿದೆ ಅಂತ ಯಾರಿಗೂ ತೆರಿಯಾದು. ನಾನು ಸೈನ್ ಹಾಕಲ್ಲ.”

ಆಗ ನಿರ್ದೇಶಕರು ನನ್ನನ್ನು ಕರೆಸಿದರು. ಗುತ್ತಿಗೆ ಮುಗಿಯಲು ಹದಿನೈದು ದಿನವಿತ್ತು. ಎಸೆಯಬೇಕಾದ ಬೀಜಗಳ ಪಟ್ಟಿ ಮಾಡಿ, ನಾನು ಸಹಿ ಹಾಕಿಬಿಟ್ಟೆ.

ಮರುದಿನ ಮೇಡಂ ನನ್ನ ಮೇಜಿನ ಹತ್ತಿರ ಬಂದಾಗ ನಾನು ತಲೆ ಎತ್ತಲಿಲ್ಲ. ಅವರು ಬೈಯಲಿಲ್ಲ. “ಲಿಸ್ಟ್ ಒಂದು ಕಾಪಿ ಕೊಡಮ್ಮಾ,” ಎಂದರು. “ಏನೇನು ಕಾಪಾಡಬೇಕು ಅಂತ ನೀನೇ ಬರೆದಿಟ್ಟಿದೀಯಲ್ಲ.”

ಅವರು ಏನನ್ನೂ ಕದಿಯಲಿಲ್ಲ. ಕೇಂದ್ರ ಬೇಡವೆಂದ ಬೀಜಗಳನ್ನು ಕೊಟ್ಟವರಿಗೇ ಮರಳಿಸುತ್ತಿದ್ದೇನೆ ಎಂದು ರಿಜಿಸ್ಟರಿನಲ್ಲಿ ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಎಲ್ಲರೂ ನೋಡುತ್ತಿದ್ದಂತೆ ಪೊಟ್ಟಣಗಳನ್ನು ಹೊತ್ತುಕೊಂಡು ಹೊರಟರು. ಆಮೇಲೆ ಪ್ರತಿ ಭಾನುವಾರ ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನ್ ಹತ್ತಿ, ಇಳಿದು, ಬಸ್ಸು ಹಿಡಿದು ಹಳ್ಳಿಹಳ್ಳಿ ತಿರುಗಿದೆವು. ನಾನೂ ಬರುತ್ತೇನೆಂದು ಕೇಳಿಕೊಂಡದ್ದು ನಾನೇ. ಕೆಲವು ಕಡೆ ಹೊಲವೇ ಇರಲಿಲ್ಲ, ಸೈಟಿನ ಕಲ್ಲು ನೆಟ್ಟಿದ್ದರು. ಆ ಅಜ್ಜಿಯ ಊರಲ್ಲಿ ಬರ ಬಿದ್ದು ಅವಳ ಬೀಜವೂ ಹೋಗಿತ್ತು. ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡವಳು, “ಇದು ಎನ್ ಮಾಮಿಯಾರ್ ವಿದೈ,” ಎಂದಳು. ಅತ್ತೆಯ ಬೀಜವಂತೆ. ಒಳಗೆ ಹೋಗಿ ನಮಗೆ ಮಜ್ಜಿಗೆ ತಂದಳು.

ಮೇಡಂಗೆ ಬಡ್ತಿ ಸಿಗಲಿಲ್ಲ. ಕಿಟಕಿಯಿಲ್ಲದ ಕೋಣೆ ಸಿಕ್ಕಿತು. ಎರಡು ಮೂರು ವರ್ಷವಾದ ಮೇಲೆ ಬೂದಿರೋಗ ಬಂದು ಕೇಂದ್ರದ ಸಿಹಿ ತಳಿಗಳ ಎಲೆಯೆಲ್ಲ ಬೆಳ್ಳಗಾಯಿತು. ಅಜ್ಜಿಯ ಹೊಲದ ಹುಳಿಬಳ್ಳಿ ಮಾತ್ರ ಹಸಿರಾಗಿಯೇ ಇತ್ತು. ಆ ಬೀಜ ಬೇಕೆಂದು ನಿರ್ದೇಶಕರಿಂದ ಮೇಡಂ ಮೇಜಿಗೆ ಪತ್ರ ಬಂತು. ಅವರು ಬರೆದ ಉತ್ತರವನ್ನು ಟೈಪ್ ಮಾಡಿದವಳು ನಾನು: ಬೀಜ ನನ್ನದಲ್ಲ, ಆಕೆಯನ್ನು ಕೇಳಿ, ದಾಖಲೆಯಲ್ಲಿ ಆಕೆಯ ಹೆಸರನ್ನು ಮೊದಲು ಬರೆಯಿರಿ. ಆರು ತಿಂಗಳು ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಅಜ್ಜಿಯ ಹೆಸರನ್ನೇ ಮೊದಲು ಬರೆದರು.

ಎಲ್ಲವೂ ಉಳಿಯಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಎಷ್ಟೋ ಬೀಜಗಳು ಮೊಳೆಯಲೇ ಇಲ್ಲ... ಅವುಗಳ ಪಟ್ಟೆಗಳ ಫೋಟೋ ಇದೆ, ಬಳ್ಳಿಯಿಲ್ಲ.

ಈಗ ಮೇಡಂ ಕೂಡ ಇಲ್ಲ. ಹೋದ ತಿಂಗಳ ಸಂತಾಪ ಸಭೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು, ಒಳ್ಳೆಯವರು, ಆದರೆ ಸ್ವಲ್ಪ ಹಠಮಾರಿ ಎಂದರು. ಕೆಲವರು ನಕ್ಕರು. ನಾನು ಎದ್ದು ನಿಂತೆ. ಸ್ವಲ್ಪ ಅಲ್ಲ ಎಂದೆ. ಪಟ್ಟಿ ಮಾಡಿ ಸಹಿ ಹಾಕಿದವಳು ನಾನೇ ಎಂಬುದನ್ನೂ ಅಲ್ಲೇ, ಅವರೆಲ್ಲರ ಎದುರಿಗೆ ಹೇಳಿದೆ. ತಪ್ಪಾಯಿತೆಂದು ಹೇಳಬೇಕಾಗಿದ್ದದ್ದು ಮೇಡಂಗೆ... ಅವರ ಕುರ್ಚಿಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಕೂರಲು ಮನಸ್ಸಾಗದೆ, ಸಭೆ ಮುಗಿಯುವವರೆಗೂ ನಿಂತೇ ಇದ್ದೆ.